3305: ಒಂದು ಪುಟ್ಟ ಕಾರಿನ ನಂಬರ್ ಪ್ರಕರಣ

ಈ ಪ್ರಕರಣದಲ್ಲಿ ಇರುವುದು ನಾಲ್ಕು ಅಂಕಿ, ಮೂರು ಜನ, ಒಂದು ಕಾರು. ಮೂರು ಜನ ಅಂದರೆ ನಮ್ಮ ಅತ್ತಿಗೆ, ನಮ್ಮ ಅಣ್ಣ ಮತ್ತು ಅತ್ತಿಗೆಯ ಅಪ್ಪ. ನಾನು ಪಕ್ಕದಲ್ಲಿ ಕೂತು ಎಲ್ಲ ಬರೆದುಕೊಂಡವನು. ಬರೆದುಕೋ ಅಂತ ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು.

ಅತ್ತಿಗೆ ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ವೀಣೆ ಪಾಠ ಹೇಳುತ್ತಾರೆ. ತವರು ಮಂಡ್ಯ. ಇಷ್ಟು ವರ್ಷ ಓಡಾಟವೆಲ್ಲ ಸ್ಕೂಟರಿನಲ್ಲಿ. ಎಲ್ಲಾದರೂ ನುಡಿಸಲು ಹೋಗಬೇಕಾದರೆ ಮಾತ್ರ ಆಟೊ, ಯಾಕೆಂದರೆ ನಾಲ್ಕು ಅಡಿ ಉದ್ದದ ವೀಣೆ ಸ್ಕೂಟರಿನಲ್ಲಿ ಕೂರುವುದಿಲ್ಲ. ಕಳೆದ ವರಮಹಾಲಕ್ಷ್ಮಿ ಹಬ್ಬದ ವಾರ ಧೈರ್ಯ ಮಾಡಿ ಒಂದು ವ್ಯಾಗನ್ ಆರ್ ಬುಕ್ ಮಾಡಿದರು. ಉದ್ದ 3,655 ಮಿಲಿಮೀಟರ್. ಮೈಸೂರಿನ ಯಾವ ಸಂದಿಯಲ್ಲಾದರೂ ನುಗ್ಗುತ್ತದೆ, ಹಿಂದಿನ ಸೀಟು ಮಡಚಿದರೆ ವೀಣೆ ಆರಾಮಾಗಿ ಮಲಗುತ್ತದೆ. ಕಾರು ಯಾವುದು, ಬಣ್ಣ ಯಾವುದು ಅನ್ನುವುದೆಲ್ಲ ಕಾಲು ಗಂಟೆಯಲ್ಲಿ ಮುಗಿಯಿತು. ನಂಬರ್ ಯಾವುದು ಅನ್ನುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಅನ್ನುವುದು ಅಣ್ಣನ ಷರತ್ತು. ಅತ್ತಿಗೆಯ ಷರತ್ತು ಬೇರೆ ಇತ್ತು. "ನಂಬರ್ ನೋಡಿದ್ರೆ ನಂಗೆ ನಗು ಬರ್ಬೇಕು. ಬೇರೆಯವ್ರಿಗೆ ಅದು ಬರೀ ನಂಬರ್ ಆಗಿರ್ಬೇಕು" ಅಂದರು. ಜಾಣ ನಂಬರ್ ಪ್ಲೇಟ್ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ.

ಏನು ಸಾಧ್ಯ, ಏನು ಸಾಧ್ಯವಿಲ್ಲ

ಅಮೆರಿಕದಲ್ಲಿ ಇದು ಸುಲಭ. ಕ್ಯಾಲಿಫೋರ್ನಿಯಾದವರು 1970 ರಿಂದಲೂ ಬೇಕಾದ ಪದ ಬರೆಸಿಕೊಂಡು ಓಡಾಡುತ್ತಾರೆ. ಹೆಚ್ಚೆಂದರೆ ಏಳು ಅಕ್ಷರ. ಅದಕ್ಕೆ ಕಟ್ಟುವ ದುಡ್ಡು ಪರಿಸರ ಕೆಲಸಗಳಿಗೆ ಹೋಗುತ್ತದೆ. ನಮ್ಮಲ್ಲಿ ಪದಕ್ಕೆ ಜಾಗವಿಲ್ಲ. ರಾಜ್ಯದ ಎರಡಕ್ಷರ, ಆರ್‌ಟಿಒ ಸಂಖ್ಯೆ, ಸರಣಿಯ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಮೈಸೂರು ಪಶ್ಚಿಮಕ್ಕೆ ಕೆಎ 09, ಪೂರ್ವಕ್ಕೆ 55, ಮಂಡ್ಯಕ್ಕೆ 11. ಕೆಎಸ್ಆರ್‌ಟಿಸಿ ಬಸ್ಸಿಗೆ ಎಫ್, ಸರ್ಕಾರಿ ಗಾಡಿಗೆ ಜಿ. ಸರಣಿಯ ಅಕ್ಷರ ನಮ್ಮ ಕೈಯಲ್ಲಿ ಇರುವುದಿಲ್ಲ, ಓಡುತ್ತಿರುವುದನ್ನು ತಗೊಳ್ಳಬೇಕು. ನಮ್ಮ ಆಟಕ್ಕೆ ಉಳಿಯುವುದು ಕೊನೆಯ ನಾಲ್ಕು ಅಂಕಿ ಮಾತ್ರ.

ಅಕ್ಷರ ತಾನಾಗಿಯೇ ಚೇಷ್ಟೆ ಮಾಡುವುದೂ ಉಂಟು. ದೆಹಲಿಯಲ್ಲಿ ಸ್ಕೂಟರಿಗೆ ಎಸ್ ಅನ್ನುವ ಅಕ್ಷರ ಇದೆ. 2021 ರಲ್ಲಿ ಅದರ ಮುಂದೆ ಇ ಎಕ್ಸ್ ಸರಣಿ ಬಂತು. ಮೂರೂ ಸೇರಿದರೆ ಏನಾಗುತ್ತದೆ ಅಂತ ನೀವೇ ಓದಿಕೊಳ್ಳಿ. ಆ ಪ್ಲೇಟ್ ಸಿಕ್ಕವರ ಪಾಡು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಹಳೆಯ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ನಂಬರ್‌ಗಳು 'ಎಂ ವೈ' ಅಂತ ಶುರುವಾಗುತ್ತಿದ್ದವು. ಮೈಸೂರು ರಾಜ್ಯದ ಗುರುತು. 1973 ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. ಆ ಸುದ್ದಿ ನಂಬರ್ ಪ್ಲೇಟಿಗೆ ಮುಟ್ಟಿದ್ದು ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ 1989 ರಲ್ಲಿ. ಆ ನಿಯಮಗಳ ಪ್ರಕಾರ ಅಕ್ಷರ ಇಂಗ್ಲಿಷಿನದೇ ಇರಬೇಕು. ಅಂಕಿಯೂ 1, 2, 3 ಅಂತಲೇ ಇರಬೇಕು, ೧, ೨, ೩ ನಡೆಯುವುದಿಲ್ಲ. ಕಾರಿನ ಪ್ಲೇಟಿನಲ್ಲಿ ಅಕ್ಷರದ ಎತ್ತರ 65 ಮಿಲಿಮೀಟರ್. ಒಂದು ಅಂಕಿಯನ್ನು ದಪ್ಪ ಮಾಡಿ, ಇನ್ನೊಂದನ್ನು ಸಣ್ಣ ಮಾಡಿ, ಬಾಲ ಎಳೆದು ಪದ ಮಾಡುವಂತಿಲ್ಲ. ಮಾಡಿದರೆ ಕಾಯ್ದೆಯ ಕಲಂ 177 ರ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ 1,500 ರೂಪಾಯಿವರೆಗೆ ದಂಡ.

ಆದರೂ ರೇಡಿಯಂ ಅಂಗಡಿಯವರು ಎಷ್ಟೋ ವರ್ಷ ಈ ಕಲೆಯಿಂದಲೇ ಅನ್ನ ತಿಂದರು. 8055 ನ್ನು ಇಂಗ್ಲಿಷಿನ 'ಬಾಸ್' ಮಾಡಿಕೊಟ್ಟರು, 4141 ನ್ನು ಹಿಂದಿಯ 'ಪಾಪಾ' ಮಾಡಿಕೊಟ್ಟರು. 2019 ರ ಏಪ್ರಿಲ್ 1 ರಿಂದ ಹೊಸ ಗಾಡಿಗಳಿಗೆ ಎಚ್ಎಸ್ಆರ್‌ಪಿ ಅನ್ನುವ ಹೆಚ್ಚು ಭದ್ರತೆಯ ಪ್ಲೇಟ್ ಕಡ್ಡಾಯ ಆಯಿತು. ಅಲ್ಯೂಮಿನಿಯಂ ತಗಡು, ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಗುರುತು ಸಂಖ್ಯೆ, ಒಮ್ಮೆ ಹಾಕಿದರೆ ಬಿಚ್ಚಲು ಬಾರದ ಲಾಕು. ಶೋರೂಮಿನಿಂದಲೇ ಹಾಗೆ ಬರುತ್ತದೆ. ಅಲ್ಲಿಗೆ ಜಾಣತನವೆಲ್ಲ ಹಿಂದಿನ ಗಾಜಿಗೆ ಹೋಯಿತು. ಮಂಡ್ಯದ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಪ್ಪ ಅಮ್ಮನ ಆಶೀರ್ವಾದ, ಗೌಡ್ರ ಗಾಡಿ, ಊರ ದೇವರ ಹೆಸರು. ಅಮೆರಿಕದವರು ಏಳು ಅಕ್ಷರದಲ್ಲಿ ಹೇಳುವುದನ್ನು ನಾವು ಗಾಜಿನ ತುಂಬಾ ಹೇಳುತ್ತೇವೆ.

ಅತ್ತಿಗೆಗೆ ಗಾಜಿನ ಮೇಲೆ ಏನೂ ಬೇಡ.

ಮೊದಲ ಸುತ್ತಿನ ಸಲಹೆಗಳು

ಅಣ್ಣನ ಮೊದಲ ಸಲಹೆ 8055. ಅತ್ತಿಗೆ ಮಾತಾಡಲಿಲ್ಲ, ಸುಮ್ನೆ ನೋಡಿದರು. ಅಣ್ಣ ತಾನೇ ವಾಪಸ್ ತಗೊಂಡ. ಎರಡನೆಯದು 0001. ಅದಕ್ಕೆ ಹರಾಜು ಇರುತ್ತದೆ, ನಮ್ಮಂಥವರು ಆ ಕಡೆ ತಲೆಹಾಕಬಾರದು ಅಂತ ನಾನು ಕೆಲವು ಲೆಕ್ಕ ಹೇಳಿದೆ. 2025 ರಲ್ಲಿ ಕೇರಳದ ಎರ್ನಾಕುಲಂನಲ್ಲಿ 0007 ಅನ್ನುವ ನಂಬರ್ 45.99 ಲಕ್ಷ ರೂಪಾಯಿಗೆ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಹರಿಯಾಣದಲ್ಲಿ ಎಚ್ಆರ್ 88 ಬಿ 8888 ಗೆ 1.17 ಕೋಟಿ ಕೂಗಿದರು. ಇಂಗ್ಲಿಷಿನ ಬಿ ಅಕ್ಷರವೂ ಎಂಟರ ಹಾಗೇ ಕಾಣುತ್ತದಲ್ಲ, ಸಾಲಾಗಿ ಎಂಟೇ ಎಂಟು. ಕೂಗಿದವರು ಆಮೇಲೆ ದುಡ್ಡು ಕಟ್ಟಲಿಲ್ಲ. ದುಬೈನಲ್ಲಿ 2023 ರಲ್ಲಿ 'ಪಿ 7' ಅನ್ನುವ ಪ್ಲೇಟಿಗೆ 5.5 ಕೋಟಿ ದಿರ್ಹಂ ಬಂತು. ಅಣ್ಣ ಕ್ಯಾಲ್ಕುಲೇಟರ್ ತೆಗೆದ, ರೂಪಾಯಿಗೆ ತಿರುಗಿಸಿದ, ಮತ್ತೆ 0001 ರ ಸುದ್ದಿ ಎತ್ತಲಿಲ್ಲ.

ಅಣ್ಣನಿಗೆ ಬುದ್ಧಿವಂತಿಕೆಯ ಇನ್ನೊಂದು ಹುಚ್ಚು ಇತ್ತು. ಕ್ಯಾಮೆರಾಗೆ ಗೊಂದಲ ಆಗುವ ನಂಬರ್ ಹುಡುಕಬೇಕು ಅನ್ನುವುದು. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಈಗ ನಂಬರ್ ಓದುವ ಕ್ಯಾಮೆರಾಗಳಿವೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿದ್ದು. ಇದಕ್ಕೆ ಉತ್ತರವಾಗಿ ನನ್ನ ಹತ್ತಿರ ಎರಡು ಅಮೆರಿಕನ್ ಕತೆಗಳಿದ್ದವು. ಎರಡೂ ನಿಜ.

1979 ರಲ್ಲಿ ಲಾಸ್ ಏಂಜಲೀಸಿನ ಒಬ್ಬರು ಅರ್ಜಿ ತುಂಬಿದರು. ಮೂರು ಆಯ್ಕೆ ಬರೆಯಬೇಕಿತ್ತು. ಮೊದಲೆರಡು ದೋಣಿ ವಿಹಾರಕ್ಕೆ ಸೇರಿದ ಪದಗಳು. ಅವೆರಡೂ ಸಿಗದಿದ್ದರೆ ನನಗೆ ಪ್ಲೇಟೇ ಬೇಡ ಅನ್ನುವ ಅರ್ಥದಲ್ಲಿ ಮೂರನೆಯ ಜಾಗದಲ್ಲಿ 'ನೋ ಪ್ಲೇಟ್' ಅಂತ ಬರೆದರು. ಮೊದಲೆರಡು ಸಿಗಲಿಲ್ಲ. ಇಲಾಖೆ ಮೂರನೆಯದನ್ನು ಚೊಕ್ಕವಾಗಿ ಅಚ್ಚು ಹಾಕಿಸಿ ಕಳಿಸಿತು. ಅಲ್ಲಿಂದ ಶುರುವಾಯಿತು. ನಂಬರ್ ಇಲ್ಲದ ಯಾವುದೇ ಕಾರು ಎಲ್ಲೇ ತಪ್ಪು ಮಾಡಿದರೂ ಪೊಲೀಸರು ಚೀಟಿಯಲ್ಲಿ ಬರೆಯುತ್ತಿದ್ದುದು 'ನೋ ಪ್ಲೇಟ್' ಅಂತಲೇ. ಆ ಚೀಟಿಗಳೆಲ್ಲ ಇವರ ಮನೆಗೆ ಬಂದವು. ಸುಮಾರು 2,500. ಎರಡನೆಯ ಕತೆ ಹೊಸದು. ಕಂಪ್ಯೂಟರ್ ಭಾಷೆಯಲ್ಲಿ ಖಾಲಿ ಅನ್ನುವುದಕ್ಕೆ 'ನಲ್' ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಒಬ್ಬ ಕಂಪ್ಯೂಟರ್ ಜಾಣ ಅದನ್ನೇ ಪ್ಲೇಟ್ ಮಾಡಿಕೊಂಡ. ಯಂತ್ರಕ್ಕೆ ತಾನು ಕಾಣಿಸುವುದೇ ಇಲ್ಲ ಅನ್ನುವ ತಮಾಷೆ. ನಂಬರ್ ತುಂಬದೆ ಖಾಲಿ ಬಿಟ್ಟ ದಂಡಗಳೆಲ್ಲ ಅವನ ಹೆಸರಿಗೆ ಬಂದು ಕೂತವು. 12,000 ಡಾಲರ್ ದಾಟಿತು. 2019 ರಲ್ಲಿ ಅವನೇ ವೇದಿಕೆ ಹತ್ತಿ ಈ ಕತೆ ಹೇಳಿದ.

ಅಣ್ಣ ಎರಡನ್ನೂ ಪೂರ್ತಿ ಕೇಳಿ, "ಆಯ್ತು, ಮ್ಯೂಸಿಕ್ಕಿಗೆ ಸಂಬಂಧಪಟ್ಟಿದ್ದು ಏನಾದ್ರೂ ನೋಡೋಣ" ಅಂದ. ಪ್ರಕರಣ ಸರಿಯಾದ ದಾರಿಗೆ ಬಂದದ್ದು ಅಲ್ಲಿಂದ.

ರಾಗಗಳಿಗೂ ನಂಬರ್ ಪ್ಲೇಟ್

ಶಿಷ್ಯರಲ್ಲಿ ಒಬ್ಬರು 1852 ಅಂದರು. ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ ವರ್ಷ. ಒಳ್ಳೆಯ ನಂಬರೇ. ಅತ್ತಿಗೆ ಕೈ ಮುಗಿದು, "ಅವರ ಹೆಸ್ರು ಇಟ್ಕೊಂಡು ಪಾರ್ಕಿಂಗ್ ಜಗಳ ಆಡೋಕಾಗುತ್ತಾ?" ಅಂದರು. ಆಮೇಲೆ ಒಳಗೆ ಹೋಗಿ ಪಾಠದ ನೋಟ್ ಪುಸ್ತಕ ತಂದರು. ಅದರ ಹಿಂದಿನ ಹಾಳೆಯಲ್ಲಿ ಕಟಪಯಾದಿ ಪಟ್ಟಿ ಇತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಸಂಖ್ಯೆಗಳನ್ನು ನೆನಪಿಡಲು ಹಿಂದಿನವರು ಅವನ್ನು ಪದ ಮಾಡಿಕೊಳ್ಳುತ್ತಿದ್ದರು. ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಕ ಇಂದ ಝ ವರೆಗೆ 1 ರಿಂದ 9, ಞ ಸೊನ್ನೆ. ಟ ಇಂದ ಧ ವರೆಗೆ ಮತ್ತೆ 1 ರಿಂದ 9, ನ ಸೊನ್ನೆ. ಪ ಇಂದ ಮ ವರೆಗೆ 1 ರಿಂದ 5. ಯ ಇಂದ ಹ ವರೆಗೆ 1 ರಿಂದ 8. ಇಳಿ, ಗುಡಿಸು, ಕೊಂಬು ಇವಕ್ಕೆ ಬೆಲೆಯಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಜಯ ಅಂದರೆ ಜ 8, ಯ 1, ತಿರುಗಿಸಿದರೆ 18. ಮಹಾಭಾರತಕ್ಕೆ ಜಯ ಅಂತಲೂ ಹೆಸರು, ಪರ್ವಗಳು 18.

ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಿಗೆ, ಅಂದರೆ ಮೂಲ ರಾಗಗಳಿಗೆ, ನಂಬರ್ ಹಾಕಿದ್ದೂ ಹೀಗೆ. ಹೆಸರಿನ ಮೊದಲೆರಡು ಅಕ್ಷರ ಮಾತ್ರ ಲೆಕ್ಕ. ಕಲ್ಯಾಣಿ ಅನ್ನುವ ಹಳೆಯ ರಾಗಕ್ಕೆ ಮುಂದೆ 'ಮೇಚ' ಸೇರಿಸಿದರು. ಮ 5, ಚ 6, ತಿರುಗಿಸಿದರೆ 65. ಶಂಕರಾಭರಣಕ್ಕೆ 'ಧೀರ' ಸೇರಿಸಿದರು, ಧ 9, ರ 2, ಅದು 29. ತೋಡಿಗೆ 'ಹನುಮ' ಸೇರಿಸಿದರು, ಹ 8, ನ ಸೊನ್ನೆ, ತಿರುಗಿಸಿದರೆ 08, ಅಂದರೆ 8. ರಾಗ ಮೊದಲೇ ಓಡಾಡುತ್ತಿತ್ತು, ನಂಬರ್ ಪ್ಲೇಟ್ ಆಮೇಲೆ ಮುಂದಕ್ಕೆ ಜಡಿದರು ಅಂತಿಟ್ಟುಕೊಳ್ಳಿ. 29 ಕ್ಕೆ 72 ರ ಅರ್ಧ, ಅಂದರೆ 36 ಕೂಡಿದರೆ 65. ಶಂಕರಾಭರಣದ ಮಧ್ಯಮ, ಅಂದರೆ ಸರಿಗಮದ 'ಮ' ಒಂದನ್ನು ಬದಲಿಸಿದರೆ ಕಲ್ಯಾಣಿ ಬರುತ್ತದೆ. ಅತ್ತಿಗೆಯ ಪಟ್ಟಿಯ ಮೊದಲ ನಂಬರ್ ಅದೇ ಆಯಿತು: 2965.

ಆ ರಾತ್ರಿ ಊಟ ಹನ್ನೊಂದು ಗಂಟೆಗೆ. ಎಲ್ಲರ ಕೈಯಲ್ಲೂ ಪೆನ್ನು. ಸರಿಗಮ ಅಂದರೆ 7, 2, 3, 5, ತಿರುಗಿಸಿದರೆ 5327. ವೀಣೆ ಟೀಚರ ಕಾರಿಗೆ ಸರಿಗಮಕ್ಕಿಂತ ಬೇಕೇ! ಅಣ್ಣ ಕುಣಿದುಬಿಟ್ಟ. ಮಲ್ಲಿಗೆ ಅಂದರೆ 335. ಸ್ವರಕ್ಕೆ ಬೆಲೆ ಇಲ್ಲದ ಕಾರಣ ಮೆಲ್ಲಗೆ ಅಂದರೂ 335. ಒಂದೇ ನಂಬರಿನಲ್ಲಿ ಮೈಸೂರಿನ ಹೂವೂ ಇದೆ, ಡ್ರೈವಿಂಗ್ ಕ್ಲಾಸಿನ ಬುದ್ಧಿಮಾತೂ ಇದೆ. ನಾಲ್ಕಂಕಿ ಮಾಡಲು ಮುಂದೆ ಸೊನ್ನೆ ಹಾಕಿದರೆ ನ ಸೇರಿ 'ಮಲ್ಲಿಗೇನಾ' ಆಗುತ್ತದೆ.

ಮಂಡ್ಯ ಅಂದಾಗ ಜಗಳ ಬಂತು. ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ಲೆಕ್ಕ ಅನ್ನುವುದು ಸಾಮಾನ್ಯ ನಿಯಮ. ಹಾಗಾದರೆ ಮ 5, ಯ 1, ತಿರುಗಿಸಿದರೆ 15. ಹದಿನೈದನೆಯ ಮೇಳ ಮಾಯಾಮಾಳವಗೌಳ, ಸಂಗೀತ ಕಲಿಯುವ ಪ್ರತಿ ಮಗುವೂ ಶುರು ಮಾಡುವ ರಾಗ. ಅತ್ತಿಗೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಅಣ್ಣ ಪಟ್ಟಿ ಹಿಡಿದು ಕೂತಿದ್ದನಲ್ಲ. "ಹದಿನಾರು ಚಕ್ರವಾಕ. ಚ ಆರು, ಕ್ರದಲ್ಲಿ ಕ ತಗೊಂಡ್ರೆ ಒಂದು. ಅಲ್ಲಿ ಮೊದಲ್ನೇ ವ್ಯಂಜನಾನೇ ಲೆಕ್ಕ. ಹಂಗಾದ್ರೆ ಮಂಡ್ಯ ಮೂವತ್ತೈದು" ಅಂದ. ಅವನು ಹೇಳಿದ್ದು ಸರಿ. ಎರಡನೆಯ ಮೇಳ ರತ್ನಾಂಗಿಯಲ್ಲಿ ಕೊನೆಯ ವ್ಯಂಜನ ನ ಲೆಕ್ಕಕ್ಕೆ ಬರುತ್ತದೆ, ಚಕ್ರವಾಕದಲ್ಲಿ ಮೊದಲನೆಯದು ಬರುತ್ತದೆ. ನನ್ನ ಮಟ್ಟಿಗೆ ಮಂಡ್ಯ 15. ತವರಿನ ವಿಷಯದಲ್ಲಿ ಗಂಡ ವ್ಯಾಕರಣ ತೆಗೆಯಬಾರದು.

ಆಮೇಲೆ ನಾನು ಸುಮ್ನೆ ಮೈಸೂರು ಅಂತ ಬರೆದೆ. ಮ 5, ಸ 7, ರ 2. ತಿರುಗಿಸಿದರೆ 275.

ಮೂವರೂ ಸ್ವಲ್ಪ ಹೊತ್ತು ಹಾಳೆ ನೋಡಿದೆವು. ಬೆಂಗಳೂರಿನಿಂದ ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು ದಾಟಿ ಹುಣಸೂರು, ಮಡಿಕೇರಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ 275. ಅತ್ತಿಗೆ ತವರಿಗೆ ಹೋಗುವ ರಸ್ತೆಯೂ ಅದೇ. ಹೆದ್ದಾರಿಗೆ ನಂಬರ್ ಕೊಟ್ಟವರು ಕಟಪಯಾದಿ ನೋಡಿ ಕೊಟ್ಟಿರುವುದಿಲ್ಲ ಬಿಡಿ. ಆದರೂ ಮೈ ಜುಮ್ಮೆಂದಿತು. ಮುಂದೆ ಸೊನ್ನೆ ಹಾಕಿದರೆ ಅಂದಗೆಡುತ್ತದೇನೋ ಅಂತ ನೋಡಿದೆವು. 0275 ನ್ನು ಬಲದಿಂದ ಓದಿದರೆ ಮ, ಸ, ರ, ನ. 'ಮೈಸೂರಿನ'. ಇದಕ್ಕಿಂತ ಜಾಣ ನಂಬರ್ ಈ ಊರಿನ ಕಾರಿಗೆ ಇನ್ನೊಂದಿಲ್ಲ ಅಂತ ಆ ರಾತ್ರಿ ತೀರ್ಮಾನ ಆಯಿತು. ನೋಡಿದವರಿಗೆ ಬರೀ ನಂಬರ್, ಅತ್ತಿಗೆಗೆ ಮಾತ್ರ ನಗು.

ತೀರ್ಮಾನ ಮುರಿದದ್ದು ಹೇಗೆ

ಮಾರನೇ ದಿನ ಅಣ್ಣ ಆರ್‌ಟಿಒಗೆ ಹೋಗಿ ವಿಚಾರಿಸಿದ. ಇದನ್ನು ಬುಕ್ ಮಾಡುವ ಮುಂಚೆಯೇ ಮಾಡಬೇಕಿತ್ತು. ಆಗ ಓಡುತ್ತಿದ್ದ ಸರಣಿ ಮೂರು ಸಾವಿರ ದಾಟಿತ್ತು. 0275, 0335, 0015, 2965 ಎಲ್ಲ ಹಿಂದೆ ಬಿದ್ದಿದ್ದವು. ಈ ಹೊತ್ತಿಗೆ ಅವು ಯಾರ ಯಾರ ಮನೆ ಮುಂದೆಯೋ ನಿಂತಿವೆ. 0275 ಇಟ್ಟುಕೊಂಡವರಿಗೆ ತಮ್ಮ ಕಾರಿನ ಮೇಲೆ ಏನು ಬರೆದಿದೆ ಅಂತ ಗೊತ್ತಿರುವ ಸಂಭವ ಕಡಿಮೆ. ಹೊಸ ಸರಣಿ ಶುರುವಾಗುವ ತನಕ ಕಾದರೆ ಸಿಗಬಹುದು. ಆದರೆ ಆಯುಧಪೂಜೆ ಕಾಯುವುದಿಲ್ಲ.

ಉಳಿದದ್ದು 5327 ಒಂದೇ. ಮುಂದೆ ಬರಲಿರುವ ನಂಬರ್ ಬೇಕಾದರೆ ಶುಲ್ಕ ಕಟ್ಟಿ ಕಾದಿರಿಸಬೇಕು. ಅತ್ತಿಗೆ ಆ ದುಡ್ಡನ್ನು ಇಬ್ಬರು ಶಿಷ್ಯರ ಒಂದು ವರ್ಷದ ಫೀಸಿಗೆ ಹೋಲಿಸಿದರು. ಆದರೂ ಆಸೆ. ಅಣ್ಣ ಆತುರಗಾರ. ದೇವರಾಜ ಅರಸು ರಸ್ತೆಯಲ್ಲಿ ಒಂದು ಹಿತ್ತಾಳೆ ಕೀಚೈನಿಗೆ 5327 ಅಂತ ಕೊರೆಸಿಕೊಂಡೇ ಬಂದ.

ಅದೇ ಭಾನುವಾರ ಮಂಡ್ಯದಿಂದ ಮಾವನ, ಅಂದರೆ ಅತ್ತಿಗೆಯ ಅಪ್ಪನ ಫೋನು. ಪ್ರತಿ ಭಾನುವಾರ ಮಾಡುತ್ತಾರೆ, ಪ್ರತಿ ಸಲವೂ ಮನೆಗೆ ಯಾವಾಗ ಬರ್ತೀಯವ್ವ ಅಂತ ಕೇಳುತ್ತಾರೆ. ಕಾರು ತಗೊಂಡಿದ್ದಕ್ಕೆ ಅರ್ಧ ಕಾರಣ ಆ ಪ್ರಶ್ನೆಯೇ. ಈ ಸಲ ಅತ್ತಿಗೆ ಖುಷಿಯಲ್ಲಿ ನಂಬರ್ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಮಾವ ಬೆರಳು ಎಣಿಸುತ್ತಿದ್ದರು.

"ಐದು ಮೂರು ಎಂಟು, ಎರಡು ಹತ್ತು, ಏಳು ಹದಿನೇಳು. ಒಂದೂ ಏಳೂ ಎಂಟು. ಎಂಟು ಬ್ಯಾಡ ಕಣವ್ವ. ಶನಿ ನಂಬ್ರು."

"ಅಪ್ಪಾಜಿ, ಅದು ಸರಿಗಮ."

"ಯಾವ ಗಮ ಆದ್ರೂ ಎಂಟು ಎಂಟೇ ಕಣವ್ವ."

ಸಂಖ್ಯಾಶಾಸ್ತ್ರದಲ್ಲಿ 8 ಶನಿಗೆ, 4 ರಾಹುವಿಗೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ಕಾರಿನ ನಂಬರ್ ಆರಿಸುವವರು ಮೊದಲು ಕೂಡಿ ನೋಡಿ ಅಂತಲೇ ಹೇಳುತ್ತೇನೆ. ಕೂಡಲು ಅರ್ಧ ನಿಮಿಷ ಸಾಕು, ಮನೆಯ ಹಿರಿಯರನ್ನು ಒಪ್ಪಿಸಲು ಅರ್ಧ ವರ್ಷ ಬೇಕು. ನಾವು ಸರಿಗಮದ ಅರ್ಥದಲ್ಲೇ ಮೈಮರೆತು ಮೊತ್ತವನ್ನು ನೋಡಿರಲೇ ಇಲ್ಲ. 2965 ಸಿಕ್ಕಿದ್ದರೂ ತಪ್ಪುತ್ತಿರಲಿಲ್ಲ ಅನ್ನಿ. ಅದರ ಮೊತ್ತ 22, ಅಂದರೆ 4.

ಹತ್ತು ದಿನ ಹೀಗೇ ಹೋಯಿತು. ಅಣ್ಣ ಕಟ್ಟಿಬಿಡೋಣ ಅನ್ನುತ್ತಾನೆ, ಅತ್ತಿಗೆ ಅಪ್ಪನ ಮನಸ್ಸು ನೋಯಿಸಲಾರರು. ಇಬ್ಬರೂ ಶೋರೂಮಿಗೆ ಏನೂ ಹೇಳಲಿಲ್ಲ. ದಸರಾ ಹತ್ತಿರ ಬಂದಂತೆ ಶೋರೂಮಿನಲ್ಲಿ ನೂಕುನುಗ್ಗಲು. ಅವರು ಎಲ್ಲರ ಫೈಲಿನ ಜೊತೆ ನಮ್ಮ ಫೈಲನ್ನೂ ಕಳಿಸಿದರು. ನಂಬರ್ ಬೇಕು ಅಂತ ನಾವು ಮೊದಲ ದಿನ ಬಾಯಲ್ಲಿ ಹೇಳಿದ್ದೆವು. ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಇರುವುದಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ತಪ್ಪು ನಮ್ಮದೇ. "ನಾವು ಹೇಳುವ ತನಕ ನೋಂದಣಿಗೆ ಕಳಿಸಬೇಡಿ" ಅಂತ ಒಂದು ಸಾಲು ಬರೆದುಕೊಟ್ಟಿದ್ದರೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಅತ್ತಿಗೆಯ ಮೊಬೈಲಿಗೆ ಮೆಸೇಜ್ ಬಂತು. ಸರಣಿಯ ಅಕ್ಷರ ಇಲ್ಲಿ ಬರೆಯುವುದಿಲ್ಲ. ಕೊನೆಯ ನಾಲ್ಕಂಕಿ 3305.

ಬಂದ ನಂಬರನ್ನು ಓದುವುದು

ಮೊದಲ ದಿನ ಯಾರೂ ಮಾತಾಡಲಿಲ್ಲ. ಕೀಚೈನ್ ಟಿವಿ ಪಕ್ಕ ಬಿದ್ದಿತ್ತು. ಎರಡನೇ ದಿನ ಅತ್ತಿಗೆ ತಾವಾಗಿಯೇ ನೋಟ್ ಪುಸ್ತಕ ತೆಗೆದರು. ಇಲ್ಲಿಯವರೆಗೆ ನಾವು ಪದದಿಂದ ನಂಬರಿಗೆ ಹೋಗುತ್ತಿದ್ದೆವು. ಈಗ ನಂಬರಿನಿಂದ ಪದಕ್ಕೆ ಬರಬೇಕು. ಶ್ಲೋಕ ಕಟ್ಟಿದ ಹಳೆಯ ಗಣಿತದವರು ಮಾಡಿದ್ದೂ ಇದೇ ಕೆಲಸ ಅಲ್ವಾ? ಅವರಿಗೂ ಸಂಖ್ಯೆ ಮೊದಲೇ ಬಂದಿರುತ್ತಿತ್ತು. ಅದನ್ನು ಬದಲಿಸುವಂತಿರಲಿಲ್ಲ. ಅದಕ್ಕೆ ಒಪ್ಪುವ ಮಾತು ಹುಡುಕುತ್ತಿದ್ದರು.

ಬಲದಿಂದ ಓದಿದರೆ 5, 0, 3, 3. ಐದಕ್ಕೆ ಮ, ಶ, ಣ, ಙ. ಸೊನ್ನೆಗೆ ನ, ಞ. ಮೂರಕ್ಕೆ ಗ, ಡ, ಬ, ಲ. ಸ್ವರ ಯಾವುದು ಬೇಕಾದರೂ ಹಾಕಿಕೊಳ್ಳಬಹುದು.

ಮೊದಲು ಬಾಯಿಬಿಟ್ಟವನು ಅಣ್ಣ. ಪೆನ್ನೂ ಹಿಡಿಯದೆ ಓದಿದ. "ಶ, ನ, ಗ, ಡ. ಶನಿ ಗಾಡಿ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅದನ್ನು ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ. ಎಂಟು ಬೇಡ ಅಂತ ಸರಿಗಮ ಬಿಟ್ಟುಕೊಟ್ಟ ಮೇಲೆ ಶನಿ ಹೆಸರು ಸಮೇತ ಬಂದು ಪ್ಲೇಟಿನ ಮೇಲೆ ಕೂತಿದ್ದ. ಸರಿಮಾಡಲು ನಾನು ಇನ್ನೊಂದು ಹುಡುಕಿದೆ. ಸಿಕ್ಕಿದ್ದು 'ಶನಿ ಬಿಡ'. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಚೆನ್ನಾಗಿತ್ತು.

ಅತ್ತಿಗೆ ಶ ಅಕ್ಷರಕ್ಕೆ ಗೀಟು ಹಾಕಿ ಮ ಹಿಡಿದರು. ಮೀನು ಬಲೆ. ವೀಣೆಗೆ ಹೊಂದಲ್ಲ. ಮನೆ ಗೋಡೆ. ಪಾರ್ಕಿಂಗ್ ಮಾಡುವಾಗ ನಿಜವಾದೀತು ಅಂತ ಬಿಟ್ಟರು. ಮನೆ ಬಿಡು. ಅಣ್ಣ ನನ್ನ ಕಡೆ ನೋಡಿದ, ನಾನು ಕಿಟಕಿ ಕಡೆ ನೋಡಿದೆ. ಅರ್ಧ ಹಾಳೆ ತುಂಬಿತು. ಆಮೇಲೆ ಪೆನ್ನು ನಿಂತಿತು. ಅವರು ಬರೆದದ್ದನ್ನು ನಮ್ಮ ಕಡೆ ತಿರುಗಿಸಿದರು.

ಮ, ನ, ಗ, ಬ. ಮನೆಗೆ ಬಾ.

ಪಾಠಕ್ಕೆ ಬರುವ ಮಕ್ಕಳಿಗೆ ಅವರು ದಿನಾ ಹೇಳುವ ಮಾತು. ಭಾನುವಾರದ ಫೋನಿನಲ್ಲಿ ಅವರು ಪ್ರತಿ ವಾರ ಕೇಳಿಸಿಕೊಳ್ಳುವ ಮಾತು. ಅತ್ತಿಗೆ ನಕ್ಕರು. ಷರತ್ತು ನೆನಪಿದೆಯಲ್ಲ, ನಂಬರ್ ನೋಡಿದರೆ ನಗು ಬರಬೇಕು ಅಂತ. ಒಂದು ರೂಪಾಯಿ ಹೆಚ್ಚಿಗೆ ಕೊಡದೆ ಬಂತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ನನಗೂ ಎದ್ದಿತ್ತು. ಹೀಗೆ ಎಳೆದರೆ ಯಾವ ನಂಬರಿನಿಂದಲೂ ಏನು ಬೇಕಾದರೂ ಬರುತ್ತದಲ್ಲ? ಬರುವುದಿಲ್ಲ. ಅದೇ ಬೀದಿಯ ನಾಲ್ಕು ಕಾರಿನ ನಂಬರ್ ಹಿಡಿದು ಕೂತು ನೋಡಿದೆ. ಎರಡರಲ್ಲಿ ಬರೀ ತೊದಲು ಬಂತು. ಒಂದರಲ್ಲಿ ಬಂದ ಪದವನ್ನು ಯಜಮಾನರಿಗೆ ಹೇಳುವ ಹಾಗಿಲ್ಲ. ಇನ್ನೊಂದಕ್ಕೆ ಏನೋ ಬಂತು, ಅದು ಹಳಗನ್ನಡ ಅಂತ ವಾದಿಸಬೇಕಾಗುತ್ತದೆ. ಸೊನ್ನೆ ಇದ್ದರೆ ಕನ್ನಡಕ್ಕೆ ಒಳ್ಳೆಯದು. ನ ಇಲ್ಲದೆ ನಮ್ಮ ಮಾತು ನಡೆಯುವುದೇ ಕಷ್ಟ, ನಾನು, ನೀನು, ಮನೆ, ಊರಿನ ಎಲ್ಲ ಅದರಲ್ಲೇ ಇವೆ. 3 ಕೂಡ ಒಳ್ಳೆಯದು, ಗ, ಡ, ಬ, ಲ ನಾಲ್ಕೂ ದಿನಬಳಕೆಯ ಅಕ್ಷರ. 9 ಬಂದರೆ ಸಿಗುವುದು ಝ, ಧ ಥರದ್ದು. 9999 ಗೆ ಲಕ್ಷಗಟ್ಟಲೆ ಕೊಟ್ಟವರು ಅದನ್ನು ಕನ್ನಡದಲ್ಲಿ ಓದಲು ಹೋಗದಿರುವುದು ವಾಸಿ.

ಆಯುಧಪೂಜೆ

ಮಾವ ಬೆಳಗಿನ ರೈಲಿಗೆ ಬಂದರು. ಕಾರಿಗೆ ಮಾವಿನ ತೋರಣ, ಸೇವಂತಿಗೆ ಹಾರ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು. ಪ್ಲೇಟಿಗೂ ಅರಿಶಿನ ಕುಂಕುಮ. ಮಾವ ಬಗ್ಗಿ ನಂಬರ್ ನೋಡಿದರು, ಬೆರಳು ಎಣಿಸಿದರು. ಹನ್ನೊಂದು, ಅಂದರೆ ಎರಡು. "ಚಂದ್ರ. ಪರ್ವಾಗಿಲ್ಲ" ಅಂದರು. ಅಣ್ಣ ಉಸಿರು ಬಿಟ್ಟ. ಶನಿ ಗಾಡಿ ವಿಷಯ ಹೇಳಬಾರದು ಅಂತ ನಾವು ಮೂವರೂ ಮೊದಲೇ ಮಾತಾಡಿಕೊಂಡಿದ್ದೆವು. ಅತ್ತಿಗೆ ಮನೆಗೆ ಬಾ ಅನ್ನುವುದನ್ನು ಮಾತ್ರ ಬಿಡಿಸಿ ಹೇಳಿದರು. ಮಾವ ಅಕ್ಷರ ಅಕ್ಷರ ಕೇಳಿಸಿಕೊಂಡು ತಲೆಯಾಡಿಸಿದರು, ಏನೂ ಮಾತಾಡಲಿಲ್ಲ. ಹಾರ ಸ್ವಲ್ಪ ಸರಿಮಾಡಿದರು.

ನಮ್ಮ ಲೆಕ್ಕದಲ್ಲಿ ಇಲ್ಲದ ಒಬ್ಬಳು ಅಲ್ಲಿದ್ದಳು. ಒಂಬತ್ತು ವರ್ಷದ ಶಿಷ್ಯೆ. ಹಿಂದಿನ ವಾರವಷ್ಟೇ ಅತ್ತಿಗೆ ಆ ಮಕ್ಕಳಿಗೆ ಕಟಪಯಾದಿ ಹೇಳಿಕೊಟ್ಟಿದ್ದರು. ಕುಂಬಳಕಾಯಿ ಒಡೆಯುವ ಹೊತ್ತಿಗೆ ಸರಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ, "ಮಿಸ್, ಇದು ಶನಿ ಗಾಡಿ ಅಂತಾನೂ ಆಗುತ್ತೆ!" ಅಂದಳು.

ಅಣ್ಣನ ಕೈಯಲ್ಲಿ ಎತ್ತಿ ಹಿಡಿದ ಕುಂಬಳಕಾಯಿ. ಅತ್ತಿಗೆ ಅಪ್ಪನ ಮುಖ ನೋಡಲಿಲ್ಲ. ಮಾವ ಮತ್ತೆ ಬಗ್ಗಿದರು, ತಾವೇ ಬಲದಿಂದ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟರು. ಆಮೇಲೆ ಆ ಹುಡುಗಿಯ ತಲೆ ನೇವರಿಸಿದರು.

"ದಿಟ ಕಣ್ ಮಗಾ. ಶನೈಶ್ಚರ ಅಂದ್ರೆ ಏನ್ ಗೊತ್ತಾ? ನಿಧಾನುಕ್ಕೆ ನಡೆಯೋನು ಅಂತ." ಮಗಳ ಕಡೆ ತಿರುಗಿದರು. "ಕೇಳ್ದೇನವ್ವ? ನಿಧಾನುಕ್ಕೇ ಓಡುಸ್ಬೇಕು."

ಕುಂಬಳಕಾಯಿ ಒಡೆಯಿತು.

ಜಂಬೂಸವಾರಿ ಮುಗಿದ ಮಾರನೇ ದಿನ ಅತ್ತಿಗೆಯೇ ಅಪ್ಪನನ್ನು ಮಂಡ್ಯಕ್ಕೆ ಬಿಟ್ಟುಬರಲು ಹೊರಟರು. ನಾನು ಹಿಂದೆ, ವೀಣೆಯ ಪಕ್ಕ ಮುದುಡಿಕೊಂಡಿದ್ದೆ. ಎಡಗಡೆಯ ಪಥ ಬಿಟ್ಟು ಅವರು ಆಚೆ ಹೋಗಲಿಲ್ಲ. ಮುಳ್ಳು ಅರವತ್ತರ ಮೇಲೆ ಏರಲಿಲ್ಲ. 275 ರ ಫಲಕ ಒಂದೊಂದು ಬಂದಾಗಲೂ ಅತ್ತಿಗೆ ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದರು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮಾವ ನಿದ್ದೆ ಹೋಗಿದ್ದರು. 5327 ರ ಕೀಚೈನ್ ಈಗ ವೀಣೆ ಪೆಟ್ಟಿಗೆಯ ಬೀಗಕ್ಕೆ ಸೇರಿದೆ. ಪಕ್ಕದಲ್ಲಿ ಕೂತಿದ್ದೆನಲ್ಲ, ದಾರಿಯುದ್ದಕ್ಕೂ ಅದು ಟಿಣ್ ಟಿಣ್ ಅನ್ನುತ್ತಲೇ ಇತ್ತು.